ಬಾಣಂತಿ ಕೋಣೆಯ ಗಾಳಿ

ಹಿಂದಿನ ಕೋಣೆಯ ಕಿಟಕಿಯ ಬಳಿ ಪ್ರಭಾ ಊದುಬತ್ತಿ ಹಿಡಿದು ನಿಂತಿದ್ದಳು. ಹೊಗೆ ಮೇಲಕ್ಕೆ ಏಳಲಿಲ್ಲ. ಬತ್ತಿಯ ತುದಿ ಬಿಟ್ಟದ್ದೇ ಅಡ್ಡಕ್ಕೆ ತಿರುಗಿ, ಖಾಲಿ ಮಂಚವನ್ನು ದಾಟಿ, ಬಾಗಿಲಿನಿಂದ ಹಜಾರದ ಕಡೆಗೆ ಹೋಯಿತು.

"ರೀ, ಒಲೆ ಆಫ್ ಮಾಡಿ ಒಂದ್ಸಲ," ಎಂದು ಕೂಗಿದಳು.

ಹಜಾರದಲ್ಲಿ ಅವಳ ಗಂಡ ಆನಂದತೀರ್ಥ ಪೆಲೆಟ್ ಒಲೆಯ ಗುಂಡಿ ಒತ್ತಿದ. ಬೆಂಕಿ ಕುಗ್ಗಿ ಫ್ಯಾನು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಪ್ರಭಾ ಎರಡನೆಯ ಬತ್ತಿ ಹಚ್ಚಿದಳು. ಈ ಸಲ ಹೊಗೆ ಒಂದಿಷ್ಟು ತೂಗಾಡಿದರೂ ಮೇಲಕ್ಕೇ ಹೋಯಿತು.

"ಈಗ ಹಚ್ಚಿ."

ಒಲೆ ಹೊತ್ತಿಕೊಂಡಿತು. ಹೊಗೆ ಮತ್ತೆ ಮಲಗಿತು.

"ನೋಡಿದ್ರಾ? ಉರಿಯೋದು ಅಲ್ಲಿ, ಗಾಳಿ ಬರೋದು ಇಲ್ಲಿ. ಒಲೆ ಹಚ್ಚಿದ ಮೇಲೆ ಈ ಕೋಣೆ ಇನ್ನೂ ಥಂಡಿ ಆಗತ್ತೆ."

"ಊದುಬತ್ತಿ ಹಿಡ್ಕೊಂಡು ಯಾರಾದ್ರೂ ಟೆಸ್ಟ್ ಮಾಡ್ತಾರಾ?"

"ಜೀವಮಾನವೆಲ್ಲಾ ಕಂಪನಿಯಲ್ಲಿ ಟೆಸ್ಟ್ ಮಾಡಿದೋರು ನೀವು. ನಿಮ್ಮ ಟೆಸ್ಟ್ ಏನು ಹೇಳತ್ತೆ?"

ಆನಂದತೀರ್ಥ ಬಾಗಿಲಲ್ಲಿ ನಿಂತು ಹೊಗೆಯನ್ನು ಸ್ವಲ್ಪ ಹೊತ್ತು ನೋಡಿದ. "ಅದೇ ಹೇಳತ್ತೆ," ಎಂದು ಒಪ್ಪಿಕೊಂಡ.

ಕ್ಯಾಂಪ್‌ಬೆಲ್‌ನ ಹಳೆಯ ಪೇಟೆಯ ಹಿಂದಿನ ಬೀದಿಯಲ್ಲಿದ್ದ ಆ ಮನೆ ಮರದ್ದು. ಎರಡನೇ ಮಹಾಯುದ್ಧಕ್ಕೂ ಮೊದಲು ಕಟ್ಟಿದ್ದು. ನೆಲ ಹಲಗೆಯದು, ಅದರ ಕೆಳಗೆ ಮೊಳಕಾಲೂರಿ ನುಸುಳುವಷ್ಟು ಟೊಳ್ಳು. ಮೇಲೆತ್ತುವ ಕಿಟಕಿಗಳಿಗೆ ಒಂದೇ ಪದರ ಗಾಜು. ಅಕ್ಟೋಬರಿನಲ್ಲಿ ಗೋಡೆಯ ಗ್ಯಾಸ್ ಹೀಟರು ಕೆಟ್ಟಿತು. ಅದರ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲವೆಂದು ರಿಪೇರಿಯವನು ಹೇಳಿಹೋದ. ಉಳಿದದ್ದು ಹಿಂದಿನ ಮಾಲೀಕರು ಬಿಟ್ಟುಹೋಗಿದ್ದ ಪೆಲೆಟ್ ಒಲೆ. ಮರದ ಹೊಟ್ಟನ್ನು ಒತ್ತಿ ಮಾಡಿದ, ಪೆನ್ಸಿಲ್ ದಪ್ಪದ ಗುಳಿಗೆಗಳು ಅದರ ಮೇಲಿನ ಡಬ್ಬದಿಂದ ಸ್ವಲ್ಪ ಸ್ವಲ್ಪವೇ ಬೆಂಕಿಗೆ ಬೀಳುತ್ತವೆ. ಒಂದು ಫ್ಯಾನು ಹೊಗೆಯನ್ನು ಗೋಡೆಯ ಕೊಳವೆಯಿಂದ ಆಚೆಗೆ ತಳ್ಳುತ್ತದೆ. ಆಚೆ ಹೋದಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಆ ಮನೆಯಲ್ಲಿ ಅದಕ್ಕೆ ಅತ್ಯಂತ ಸುಲಭದ ದಾರಿ ಹಿಂದಿನ ಕೋಣೆಯ ಕಿಟಕಿಯಾಗಿತ್ತು.

ಅದೇ ಕೋಣೆಯನ್ನು ಪ್ರಭಾ ಬಾಣಂತಿ ಕೋಣೆ ಎಂದು ಗೊತ್ತು ಮಾಡಿದ್ದಳು.

ಮಗಳು ಭಾವನಾಳಿಗೆ ಡಿಸೆಂಬರ್ ಕೊನೆಗೆ ದಿನ ತುಂಬುವುದಿತ್ತು. ಬೆರ್ರಿಯೆಸಾದಲ್ಲಿ, ರೈಲು ನಿಲ್ದಾಣದ ಹತ್ತಿರ, ಮೂರನೆಯ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಅವಳೂ ಗಂಡ ಅನುರಾಗನೂ ಇದ್ದರು. ಹೊಸ ಕಟ್ಟಡ, ಬಾಗಿಲು ಹಾಕಿದರೆ ಹೊರಗಿನ ರೈಲಿನ ಸದ್ದೂ ಒಳಗೆ ಬಾರದು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಒಂದು ತಿಂಗಳಾದರೂ ಬಾ ಎಂದು ಪ್ರಭಾ ಕೇಳಿದಾಗಲೆಲ್ಲ ಭಾವನಾಳ ಉತ್ತರ ಒಂದೇ ಆಗಿತ್ತು.

"ಅಮ್ಮಾ, ನಾನು ನ್ಯೂಬಾರ್ನ್‌ನ ಆ ಐಸ್‌ಬಾಕ್ಸ್‌ಗೆ ತರಲ್ಲ. ಯೂ ಕಮ್ ಹಿಯರ್."

"ಕೋಣೆ ಬೆಚ್ಚಗೆ ಮಾಡಿದ್ರೆ?"

"ಸೆವೆಂಟಿ ಡಿಗ್ರಿ ಇರ್ಬೇಕು. ಮತ್ತೆ ಗಾಳಿ ಇರಬಾರದು. ನೀನೇ ಹೇಳ್ತಿಯಲ್ಲ, ಗಾಳಿ ತಾಗಬಾರದು ಅಂತ? ಐ ಆಮ್ ಜಸ್ಟ್ ಕ್ವೋಟಿಂಗ್ ಯೂ."

ಫೋನಿಟ್ಟ ಮೇಲೆ ಪ್ರಭಾ ನಕ್ಕಳು. ಮಗಳು ತನ್ನ ಮಾತನ್ನೇ ತನಗೆ ತಿರುಗಿಸಿದ್ದಳು. ಆದರೂ ಅದು ಪೂರ್ತಿ ಒಲ್ಲೆ ಎಂಬ ಮಾತಾಗಿರಲಿಲ್ಲ.

ಪ್ರಭಾಳಿಗೆ ಬಾಣಂತನ ಆಗಿರಲಿಲ್ಲ. 1993ರಲ್ಲಿ ಭಾವನಾ ಹುಟ್ಟಿದಾಗ ಮೈಸೂರಿನಲ್ಲಿದ್ದ ಅವಳ ತಾಯಿ ಪೆಟ್ಟಿಗೆ ಕಟ್ಟಿಟ್ಟುಕೊಂಡು ಎರಡು ಸಲ ಮದ್ರಾಸಿನ ಕಾನ್ಸುಲೇಟಿಗೆ ಹೋಗಿದ್ದರು. ಎರಡು ಸಲವೂ ವೀಸಾ ಸಿಗಲಿಲ್ಲ. ಹೆರಿಗೆಯಾದ ಗಂಟೆಯೊಳಗೆ ನರ್ಸ್ ಒಂದು ದೊಡ್ಡ ಲೋಟದ ತುಂಬ ಐಸ್ ನೀರು ತಂದಿಟ್ಟಳು. ಎರಡು ದಿನಕ್ಕೆ ಮನೆಗೆ ಕಳಿಸಿದರು. ಆನಂದತೀರ್ಥನಿಗೆ ಒಂದು ವಾರ ರಜೆ. ಆಮೇಲೆ ಸೋಮವಾರದಿಂದ ಶುಕ್ರವಾರದವರೆಗೆ ಅವಳೂ ಮಗುವೂ ಇಬ್ಬರೇ. ಯಾರೂ ತಲೆಗೆ ಎಣ್ಣೆ ಒತ್ತಲಿಲ್ಲ, ಬಿಸಿನೀರು ಹುಯ್ಯಲಿಲ್ಲ, ಕಿವಿ ಮುಚ್ಚಿ ಮಲಗಿಸಲಿಲ್ಲ. ತಾಯಿ ಹೆಣೆದ ಕುಲಾವಿಯೂ ಬಾಣಂತಿಯ ತಲೆಗೆ ಕಟ್ಟುವ ಉಣ್ಣೆಯ ವಸ್ತ್ರವೂ ಊರಿಂದ ಬರುವವರೊಬ್ಬರ ಕೈಯಲ್ಲಿ ಸೇರಿದ್ದು ಐದು ತಿಂಗಳ ನಂತರ. ಅಷ್ಟರಲ್ಲಿ ಕುಲಾವಿ ಮಗುವಿನ ನೆತ್ತಿಯ ಮೇಲೆ ಬಟ್ಟಲಿನಂತೆ ಕೂತಿತು. ಪ್ರಭಾ ಅವೆರಡನ್ನೂ ಬೇವಿನೆಲೆ ಹಾಕಿ ಎತ್ತಿಟ್ಟಳು. ಬೇರೆ ಯಾವುದಕ್ಕೂ ಬಳಸಲಿಲ್ಲ. ತಾಯಿ ತೀರಿಕೊಂಡು ಈಗ ಬಹಳ ವರ್ಷವಾಗಿತ್ತು.

ಅವಳು ಇದನ್ನೆಲ್ಲ ಯಾರಿಗೂ ಕಥೆಯಾಗಿ ಹೇಳಿದವಳಲ್ಲ. ಆದರೆ ನವೆಂಬರಿನಲ್ಲಿ ಕುಲಾವಿಯನ್ನು ಹೊರತೆಗೆದು, ಒಗೆದು, ನೆರಳಿನಲ್ಲಿ ಒಣಗಿಸಿ, ಹಿಂದಿನ ಕೋಣೆಯ ದಿಂಬಿನ ಪಕ್ಕ ಇಟ್ಟಳು.

*

ಒಲೆಯ ವಿಚಾರ ಕೇಳಲು ಆನಂದತೀರ್ಥ ಕರೆದದ್ದು ಶರಣಪ್ಪನನ್ನು. ಬಾಗಲಕೋಟೆ ಕಡೆಯ ಶರಣಪ್ಪ ನೆವಾರ್ಕಿನಲ್ಲಿ ಕಾರು ಕಂಪನಿಯೊಂದರ ಇಂಜಿನಿಯರು. ಬೆಟ್ಟದ ಮೇಲಿನ ತನ್ನ ಹಳೆಯ ಮನೆಯಲ್ಲಿ ಹತ್ತು ಚಳಿಗಾಲ ಇಂಥದೇ ಒಲೆ ಉರಿಸಿದವನು. ಬಂದವನೇ ಸೋಫಾದ ಮೇಲೆ ಕೂತು ಆನಂದತೀರ್ಥನ ತಲೆ ನೋಡಿದ.

"ಏನ್ರೀ ಆಚಾರ್ರ, ಮನ್ಯಾಗ ಕುಂತು ಮಂಕಿಕ್ಯಾಪ್ ಹಾಕ್ಕೊಂಡೀರಿ? ನಾ ಏನ್ ಹಿಮಾ ಬೀಳೂ ತಾಹೋ ಲೇಕಿಗೆ ಬಂದೆ ಅನ್ಕೊಂಡೆ."

"ತಮಾಷೆ ಬಿಡಿ ಶರಣಪ್ಪ. ಒಲೆ ಹಿಂದ್ಗಡೆ ಒಂದು ತೂತಿದೆ. ಹೊರಗಿನಿಂದ ಗಾಳಿ ಪೈಪ್ ಹಾಕ್ಬಹುದು ಅಂತ ಮ್ಯಾನ್ಯುಯಲ್‌ನಲ್ಲಿದೆ. ಹಿಂದಿನೋರು ಹಾಕಿಸಿಲ್ಲ. ನಾವು ಹಾಕಿಸ್ಬೇಕಾ?"

"ಹೊರಗಿನ ಗಾಳಿ ಪೈಪ್ ಗಟ್ಟಿ ಮನಿಗೆ ಬೇಕ್ರೀ. ಈಗಿನ ಹೊಸಾ ಮನಿ ಇರ್ತಾವಲ್ಲ, ಥರ್ಮಾಸ್ ಇದ್ದಂಗ, ಅವಕ್ಕ. ನಿಮ್ದು ಮನಿ ಅಲ್ಲ, ಜರಡಿ. ಒಲಿಗೆ ಎಷ್ಟ್ ಗಾಳಿ ಬೇಕೋ ಅಷ್ಟು ತಾನ ಬರ್ತೈತಿ. ಜರಡಿಗೆ ಮತ್ತೊಂದು ತೂತ ಯಾಕ ಕೊರಿತೀರಿ?"

ಕಾಫಿ ತಂದ ಪ್ರಭಾ ನಿಂತಳು. "ತಾನೇ ಬರತ್ತೆ, ಸರಿ. ಎಲ್ಲಿಂದ ಬರತ್ತೆ? ನನ್ನ ಬಾಣಂತಿ ಕೋಣೆಯಿಂದ ಬರತ್ತೆ."

"ಬಾಣಂತಿ ಇನ್ನ ಎಲ್ಲಿದ್ದಾಳ್ರೀ ವೈನಿ?"

"ಬರ್ತಾಳೆ."

"ಹಂಗಾರ ಆ ಕ್ವಾಣಿ ತೂತ ಮುಚ್ರಿ. ಬ್ಯಾರೆ ಕಡೆಯಿಂದ ಬರ್ತೈತಿ ಗಾಳಿ. ಅದಕ್ಕೇನ್, ವೀಸಾ ಬೇಕೇನು?"

ಶರಣಪ್ಪ ನಗೆಯ ಮಾತಾಗಿ ಆಡಿದ. ವೀಸಾ ಎಂಬ ಮಾತಿಗೆ ಪ್ರಭಾ ಮಾತ್ರ ನಗಲಿಲ್ಲ. ಆನಂದತೀರ್ಥ ಅವಳ ಮುಖ ನೋಡಿ ಕಾಫಿ ಲೋಟ ಕೈಗೆತ್ತಿಕೊಂಡ. ಸೋರುವ ಮನೆಗೆ ಹೊರಗಾಳಿಯ ಪೈಪು ಬೇಡ ಎಂಬುದು ಇಂಟರ್ನೆಟ್ಟಿನಲ್ಲೂ ಹಲವರ ವಾದವಾಗಿತ್ತು. ಆ ವಾದ ಅವನಿಗೂ ಸರಿಯೆನಿಸಿತು. ಪೈಪಿನ ಮಾತು ಅಲ್ಲಿಗೆ ಮುಗಿಯಿತು.

ತೂತು ಮುಚ್ಚುವ ಮಾತನ್ನು ಪ್ರಭಾ ಮರೆಯಲಿಲ್ಲ. ಬಾಣಂತಿಗೂ ಕೂಸಿಗೂ ಹಾಸಲು, ಹೊದಿಸಲು ಎಂದು ಅವಳು ಹಳೆಯ ನೂಲಿನ ಸೀರೆಗಳನ್ನು ಒಗೆದು ಮಡಿಸಿಟ್ಟಿದ್ದಳು. ಅವುಗಳಲ್ಲಿ ತೀರಾ ಜೀರ್ಣವಾದವನ್ನು ಆರಿಸಿ ಉದ್ದುದ್ದ ಸೀಳಿದಳು. ಬೆಣ್ಣೆ ಹಚ್ಚುವ ಚಾಕುವಿನ ಮೊಂಡು ಬಾಯಿಂದ ಕಿಟಕಿಯ ಸಂದಿಗೆ ಒಂದೊಂದೇ ಸೀಳನ್ನು ತುರುಕಿದಳು. ಹಲಗೆ ಗೋಡೆಯನ್ನು ಸೇರುವ ಕಡೆ, ವಿದ್ಯುತ್ ಪ್ಲಗ್ಗಿನ ಚೌಕಟ್ಟಿನ ಸುತ್ತ, ಬೀರುವಿನ ಹಿಂದೆ. ಪ್ರಭಾಳ ಅಕ್ಕನ ಬಾಣಂತನಕ್ಕೆ ತಾಯಿ ಮೈಸೂರಿನ ಮನೆಯ ಕಿಟಕಿಗಳಿಗೆ ಹೀಗೇ ಸೀರೆ ಕಟ್ಟಿದ್ದನ್ನು ಅವಳು ಹುಡುಗಿಯಾಗಿದ್ದಾಗ ನೋಡಿದ್ದಳು.

ಮರುದಿನ ಒಲೆ ಹಚ್ಚಿದಾಗ ಕೋಣೆಯಲ್ಲಿ ಊದುಬತ್ತಿಯ ಹೊಗೆ ನೆಟ್ಟಗೆ ಎದ್ದಿತು. ಆದರೆ ಗಾಳಿ ಈಗ ಬಚ್ಚಲಿನಿಂದ ಬರತೊಡಗಿತ್ತು. ಬಾಣಂತಿಗೆ ಬಚ್ಚಲೂ ಬೇಕಲ್ಲವೆ? ಅಲ್ಲಿಗೂ ಸೀರೆ ಹೋಯಿತು. ಆಮೇಲೆ ಅಡುಗೆಮನೆಯ ಹಿತ್ತಲ ಬಾಗಿಲು, ಹಜಾರದ ಕಿಟಕಿಗಳು, ಮಾಳಿಗೆಯ ಮುಚ್ಚಳ. ಒಂದು ವಾರದಲ್ಲಿ ಇಡೀ ಮನೆಯ ಅಂಚಿನಿಂದ ಹಸಿರು, ನೇರಳೆ, ಅರಿಸಿನ ಬಣ್ಣದ ನೂಲು ಇಣುಕತೊಡಗಿತು.

"ಮನೆಗೇ ಸೀಮಂತ ಮಾಡ್ದಂಗಿದೆ," ಎಂದ ಆನಂದತೀರ್ಥ. ಆದರೆ ಮಂಕಿಕ್ಯಾಪು ತೆಗೆದಿಟ್ಟ. ಸೋರುವ ಮನೆಯಾದ್ದರಿಂದಲೇ ಒಲೆಗೆ ಪೈಪು ಬೇಡ ಎಂದು ತಾವು ತೀರ್ಮಾನಿಸಿದ್ದು, ಈಗ ಮನೆ ಸೋರುತ್ತಿಲ್ಲ ಎಂಬುದು ಅವನಿಗಾಗಲಿ ಅವಳಿಗಾಗಲಿ ಹೊಳೆಯಲಿಲ್ಲ.

*

ಡಿಸೆಂಬರಿನ ಮೊದಲ ಭಾನುವಾರ ಭಾವನಾ ಕೋಣೆ ನೋಡಲು ಬಂದಳು. ಅನುರಾಗ್ ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಹಿಂದಿನ ಕೋಣೆಯಲ್ಲಿ ಅವಳು ಜಾಕೆಟ್ಟು ತೆಗೆದಳು. ಗೋಡೆಯ ಫ್ಯಾರನ್‌ಹೀಟ್ ಥರ್ಮಾಮೀಟರು ನೋಡಿದಳು. ಕಿಟಕಿಗೆ ಅಂಗೈ ಒಡ್ಡಿ ನೋಡಿದಳು.

"ಓಕೆ. ದಿಸ್ ಈಸ್ ಆಕ್ಚುಲಿ ನೈಸ್." ದಿಂಬಿನ ಪಕ್ಕದ ಕುಲಾವಿಯನ್ನು ಎತ್ತಿಕೊಂಡಳು. "ಇದೇನು, ಬೊಂಬೆದಾ?"

"ನಿಂದು. ನಿಮ್ಮಜ್ಜಿ ಹೆಣೆದಿದ್ದು. ಬರೋ ಹೊತ್ತಿಗೆ ನೀನು ದೊಡ್ಡೋಳಾಗಿದ್ದೆ."

ಭಾವನಾ ಅದನ್ನು ಮುಷ್ಟಿಗೆ ತೊಡಿಸಿ ತಿರುಗಿಸಿ ನೋಡಿದಳು. ಏನೋ ಕೇಳುವವಳಿದ್ದಳು. ಪ್ರಭಾ ಆಗಲೇ ಅಡುಗೆಮನೆಗೆ ಹೊರಟಿದ್ದಳು. ಅವಳಿಗೆ ಆ ಸಂತೋಷದಲ್ಲಿ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಣಂತಿ ಸಾರಿನ ಪುಡಿಯನ್ನು ಇವತ್ತೇ ಮಾಡಿಬಿಡೋಣವೆಂದು ಬಾಣಲೆಗೆ ಮೆಣಸು, ಜೀರಿಗೆ ಹಾಕಿ ಹುರಿಯತೊಡಗಿದಳು. ಘಾಟು ಹಜಾರಕ್ಕೆ ಬಂತು.

"ಅಮ್ಮಾ, ಸ್ಮೆಲ್! ಐ ಕಾಂಟ್!"

"ನಾನು ಫ್ಯಾನ್ ಹಾಕ್ತೀನಿ ಅತ್ತೆ," ಎಂದು ಅನುರಾಗ್ ಅಡುಗೆ ಒಲೆಯ ಮೇಲಿನ ಚಿಮಣಿ ಫ್ಯಾನನ್ನು ಪೂರ್ತಿ ತಿರುಗಿಸಿದ.

ಸ್ವಲ್ಪ ಹೊತ್ತಿನಲ್ಲೇ ಹಜಾರದ ಪೆಲೆಟ್ ಒಲೆಯ ಬೆಂಕಿ ಕೆಂಪಗಾಗಿ, ಸೋಮಾರಿಯಾಗಿ ತೂಗಾಡತೊಡಗಿತು. ಗಾಜಿಗೆ ಮಸಿ ಹತ್ತಿತು. ಉರಿಯದ ಗುಳಿಗೆಗಳು ರಾಶಿಬಿದ್ದು, ಪೆಲೆಟ್ ಡಬ್ಬದ ಮುಚ್ಚಳದ ಸಂದಿಯಿಂದ ಹೊಗೆ ಹೊರಬಂತು. ಆನಂದತೀರ್ಥ ಎದ್ದು ಗುಂಡಿ ಒತ್ತುವಷ್ಟರಲ್ಲಿ ಸೂರಿನ ಅಲಾರಂ ಕಿರುಚಿತು. ಅದರೊಳಗಿನ ಹೆಣ್ಣುದನಿ ಬೆಂಕಿ, ಬೆಂಕಿ ಎಂದು ಇಂಗ್ಲಿಷಿನಲ್ಲಿ ಎಚ್ಚರಿಸಿತು.

"ಎಲ್ಲರೂ ಆಚೆಗೆ ನಡೀರಿ!" ಎನ್ನುತ್ತ ಅವನು ಮುಂಬಾಗಿಲು ಎಳೆದ. ಸೀರೆ ತುರುಕಿದ ಬಾಗಿಲು ಮಾಮೂಲಿಗಿಂತ ಬಿಗಿಯಾಗಿತ್ತು; ತೆರೆದೊಡನೆ ಗಾಳಿ ಅವನನ್ನು ತಳ್ಳಿಕೊಂಡು ಒಳನುಗ್ಗಿತು. ಹಿಂದಿರುಗಿ ನೋಡಿದರೆ ಮಸಿ ಹಿಡಿದ ಗಾಜಿನ ಹಿಂದೆ ಬೆಂಕಿ ಎದ್ದು, ಹಳದಿಯಾಗಿ, ನೆಟ್ಟಗೆ ನಿಂತಿತ್ತು.

ಆನಂದತೀರ್ಥನಿಗೆ ಆ ಕ್ಷಣವೇ ಅರ್ಥವಾಯಿತು: ಸಂದಿ ಮುಚ್ಚಿದ ಮನೆಯ ಗಾಳಿಯನ್ನೆಲ್ಲ ಅಡುಗೆಮನೆಯ ಫ್ಯಾನು ಎಳೆದುಕೊಂಡು ಒಲೆಗೆ ಗಾಳಿಯೇ ಉಳಿದಿರಲಿಲ್ಲ. ಆದರೆ ಆಗ ಹೇಳುವ ಹೊತ್ತಾಗಿರಲಿಲ್ಲ. ಎಂಟು ತಿಂಗಳ ಬಸುರಿ ಮುಂಜಗುಲಿಯ ಮೇಲೆ, ಡಿಸೆಂಬರಿನ ಗಾಳಿಯಲ್ಲಿ, ಗಂಡನ ಕೋಟು ಹೊದ್ದು ಕೆಮ್ಮುತ್ತ ನಿಂತಿದ್ದಳು. ಪ್ರಭಾಳ ಕೈಯಲ್ಲಿ ಇನ್ನೂ ಸೌಟಿತ್ತು.

"ಅಮ್ಮಾ," ಎಂದಳು ಭಾವನಾ. ದನಿಯಲ್ಲಿ ಕೋಪವಿರಲಿಲ್ಲ; ಇದ್ದಿದ್ದರೆ ಪ್ರಭಾಳಿಗೆ ವಾಸಿಯೆನಿಸುತ್ತಿತ್ತು. "ನಾನು ಮಗುನ ಇಲ್ಲಿಗೆ ತರೋಕಾಗಲ್ಲ. ಯೂ ಸೀ ದಟ್, ರೈಟ್? ನೀನೇ ಬಾ. ಪ್ಲೀಸ್."

ಪ್ರಭಾ ಹೂಂ ಎಂದಳು.

*

"ತೂತ ಮುಚ್ಚಿದ್ದು ವೈನಿ. ಮುಚ್ರಿ ಅಂದಿದ್ದು ನಾ. ಹಂಗಾರ ಕೊರಿಯೂದೂ ನಾನ," ಎಂದು ಶರಣಪ್ಪ ಮುಂದಿನ ಶನಿವಾರ ಡ್ರಿಲ್ಲು ಹಿಡಿದು ಬಂದ.

ಒಲೆಯ ಹಿಂದಿನ ಗೋಡೆ ಹೊರಗೋಡೆಯೇ ಆಗಿತ್ತು. ಕೈಪಿಡಿಯಲ್ಲಿ ಹೇಳಿದ ಅಳತೆಗೆ ದುಂಡಗೆ ಕೊರೆದು, ಲೋಹದ ಕೊಳವೆಯ ಒಂದು ತುದಿಯನ್ನು ಒಲೆಯ ಬೆನ್ನಿಗೆ ಸೇರಿಸಿ, ಇನ್ನೊಂದನ್ನು ಹೊರಗೆ ಹೊಗೆಕೊಳವೆಯಿಂದ ದೂರಕ್ಕೆ ಇಳಿಸಿದರು. ಇಲಿ ಬಾರದಂತೆ ಬಾಯಿಗೆ ತಂತಿಬಲೆ. ಪ್ರಭಾ ದೂರದಿಂದ ನೋಡುತ್ತಿದ್ದಳು.

"ವಾರವೆಲ್ಲಾ ತೂತು ಮುಚ್ಚಿದ್ದಾಯ್ತು. ಈಗ ಮುಷ್ಟಿ ಹೋಗೋವಷ್ಟು ಹೊಸಾದು ಮಾಡಿದ್ರಿ."

"ಈ ತೂತು ಮನೆಗಲ್ಲ, ಒಲೆಗೆ," ಎಂದ ಆನಂದತೀರ್ಥ. "ಇನ್ಮೇಲೆ ಅದು ಹೊರಗಿನ ಗಾಳಿ ತಿಂದು ಹೊರಗೇ ಬಿಡತ್ತೆ. ನಮ್ಮ ಗಾಳಿ ಮುಟ್ಟಲ್ಲ. ಮೊದಲು ಬಿಸಿ ಮಾಡಿದ ಗಾಳಿನ ತಾನೇ ಎಳೆದು ಆಚೆ ಹಾಕ್ತಿತ್ತು. ಶರಣಪ್ಪ ಹೇಳಿದ್ದು ಸುಳ್ಳಲ್ಲ, ಜರಡಿ ಮನೆಯಲ್ಲಿ ಒಲೆ ಉರಿಯೋಕೆ ಪೈಪ್ ಬೇಡ. ಮನೆಯವರು ಬೆಚ್ಚಗಿರೋಕೆ ಬೇಕು."

"ಇದ ಮಾತು ಮೊದಲ ಹೇಳಿದ್ರ ನಾ ಅವತ್ತ ಕೊರಿತಿದ್ದೆ," ಎಂದ ಶರಣಪ್ಪ.

ಅವನು ಅಡುಗೆಮನೆಯ ಫ್ಯಾನನ್ನು ಪೂರ್ತಿ ತಿರುಗಿಸಿಬಂದ. ಬೆಂಕಿ ಅಲುಗಲಿಲ್ಲ. ಪ್ರಭಾ ಊದುಬತ್ತಿ ಹಚ್ಚಿಕೊಂಡು ಹಿಂದಿನ ಕೋಣೆಗೆ ಹೋದಳು. ಗಂಡಸರಿಬ್ಬರೂ ಬಾಗಿಲಲ್ಲಿ ನಿಂತು ಕಾದರು. ಹೊಗೆ ಒಂದೇ ಎಳೆಯಾಗಿ ಸೂರಿನವರೆಗೆ ಏರಿತು.

ಭಾವನಾಳಿಗೆ ಫೋನಿನಲ್ಲಿ ಹೇಳಿದರು. "ಗ್ರೇಟ್, ಅಮ್ಮಾ," ಎಂದಳು. ಬರುತ್ತೇನೆ ಎನ್ನಲಿಲ್ಲ. ಪ್ರಭಾ ಕೇಳಲೂ ಇಲ್ಲ.

*

ಕೂಸು ಹುಟ್ಟಿದ್ದು ಹೊಸ ವರ್ಷದ ಹಿಂದಿನ ದಿನ, ಸಿಸೇರಿಯನ್. ಹೆಣ್ಣು. ಒಂಬತ್ತು ಪೌಂಡಿಗೂ ಮೇಲೆ ತೂಗಿದ ಮಗುವನ್ನು ಆಸ್ಪತ್ರೆಯ ನರ್ಸುಗಳು ಒಬ್ಬರಾದ ಮೇಲೊಬ್ಬರು ಬಂದು ನೋಡಿಹೋದರು.

ಪ್ರಭಾ ಬೆರ್ರಿಯೆಸಾಕ್ಕೆ ಹೋದಳು. ಅಪಾರ್ಟ್‌ಮೆಂಟಿನ ಸೋಫಾದ ಮೇಲೆ ಮಲಗಿದಳು. ಬೆಳಿಗ್ಗೆ ಮೆಣಸಿನ ಸಾರು, ಮೆಂತ್ಯದ ಮುದ್ದೆ, ಬೆಳ್ಳುಳ್ಳಿ ಚಟ್ನಿ ಮಾಡಿದಳು. ಭಾವನಾ ತಿಂದಳು, ಚೆನ್ನಾಗಿದೆ ಎಂದಳು, ಮೇಲೆ ತನ್ನ ದೊಡ್ಡ ಸ್ಟೀಲ್ ಲೋಟದಿಂದ ಕೊಳವೆಯಲ್ಲಿ ಐಸ್ ನೀರು ಹೀರಿದಳು. ಐಸಿನ ಸದ್ದು ಕೇಳಿದಾಗ ಪ್ರಭಾ ಸಿಂಕಿನ ಕಡೆಗೆ ತಿರುಗಿಕೊಳ್ಳುತ್ತಿದ್ದಳು. ಸಾಂಬ್ರಾಣಿ ಹಾಕುವಂತಿರಲಿಲ್ಲ, ಸೂರಿನಲ್ಲಿ ಹೊಗೆಗೆ ಕೂಗುವ ಅಲಾರಂ ಇತ್ತು. ಬಚ್ಚಲೆಂದರೆ ಗಾಜಿನ ಪೆಟ್ಟಿಗೆ. ಇಬ್ಬರು ನಿಲ್ಲಲು ಜಾಗವಿಲ್ಲ. ಕೋಣೆ ಬೆಚ್ಚಗಿತ್ತು, ಗಾಳಿ ಇರಲಿಲ್ಲ. ದೂರಲು ಏನೂ ಇರಲಿಲ್ಲ. ಇಲ್ಲಿ ಅವಳು ಮಗಳ ಮನೆಗೆ ಬಂದ ಅತಿಥಿ, ಅಷ್ಟೆ.

ಪ್ರತಿ ಸಂಜೆ ಆನಂದತೀರ್ಥ ಫೋನು ಮಾಡುತ್ತಿದ್ದ.

"ಊಟ ಆಯ್ತಾ?"

"ಆಯ್ತು. ನಿಮ್ದು?"

"ಚಿತ್ರಾನ್ನ. ಇವತ್ತು ಎಪ್ಪತ್ತೊಂದು."

"ಏನು ಎಪ್ಪತ್ತೊಂದು?"

"ಹಿಂದಿನ ಕೋಣೆ."

"ಯಾರಿಗ್ರೀ?"

ಅವನು ಮಗುವಿನ ನಿದ್ದೆ ವಿಚಾರಿಸಿ ಫೋನಿಟ್ಟ. ಮರುಸಂಜೆ ಮತ್ತೆ ಕೋಣೆಯ ಡಿಗ್ರಿ ಹೇಳಿದ. ಅದರ ಮರುಸಂಜೆಯೂ. ಒಂದು ದಿನ ಊರ ಸುತ್ತ ಗಾಳಿ ಕೆಟ್ಟಿದೆಯೆಂದು ಪ್ರಕಟಣೆ ಬಂತು. ಅಂಥ ದಿನ ಕಟ್ಟಿಗೆಯಾಗಲಿ ಪೆಲೆಟ್ಟಾಗಲಿ ಉರಿಸುವಂತಿಲ್ಲ. ಅವತ್ತು, "ಒಲೆ ಹಚ್ಚಿಲ್ಲ, ಕರೆಂಟ್ ಹೀಟರ್ ಇಟ್ಟಿದೀನಿ. ಅರವತ್ತೆಂಟಿದೆ. ನಿನ್ನ ಸೀರೆಗಳು ಬಿಸಿ ಬಿಟ್ಟುಕೊಡ್ತಿಲ್ಲ," ಎಂದ.

ಮಗುವಿಗೆ ಮೂರು ವಾರ ತುಂಬುತ್ತಿದ್ದ ಒಂದು ಸಂಜೆ ಪ್ರಭಾಳ ಕೈಯಲ್ಲಿ ಡೈಪರಿತ್ತು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದಳು.

"ಇವತ್ತು ಎಪ್ಪತ್ತು," ಎಂದಿತು ಆನಂದತೀರ್ಥನ ದನಿ. "ಹಾಸಿಗೆ ಬಿಸಿಲಿಗೆ ಹಾಕಿದ್ದೆ. ಆ ಕುಲಾವಿನೂ."

"ಸರಿ. ಇಡ್ತೀನಿ."

ಮಗುವಿಗೆ ಹಾಲೂಡಿಸುತ್ತಿದ್ದ ಭಾವನಾ ತಲೆಯೆತ್ತಿದಳು. "ಸೆವೆಂಟಿ? ಅಪ್ಪ ದಿನಾ ಆ ರೂಮ್ ಹೀಟ್ ಮಾಡ್ತಿದಾರಾ?"

"ಹೂಂ."

"ಅಲ್ಲಿ ಯಾರೂ ಇಲ್ವಲ್ಲ. ಯಾಕೆ?"

ಪ್ರಭಾ ಡೈಪರು ಮಡಿಸಿದಳು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು. "ಅವರಿಗೆ ಗೊತ್ತು, ನನಗೆ ಆಸೆ ಇತ್ತು ಅಂತ. ನಿಂಗೆ ಎಣ್ಣೆ ಹಚ್ಚಿ, ನೀರು ಹಾಕಿ, ನಮ್ಮನೇಲಿ ಮಲಗಿಸ್ಬೇಕು ಅಂತ. ನಂಗೆ ಯಾರೂ... ನಮ್ಮಮ್ಮಂಗೆ ಬರೋಕಾಗ್ಲಿಲ್ಲ. ಅಷ್ಟೆ. ಬಿಡು, ಇಲ್ಲೇ ಚೆನ್ನಾಗಿದೆ."

ಮರುದಿನ ಬೆಳಿಗ್ಗೆ ಭಾವನಾ ಡಾಕ್ಟರಿಗೆ ಫೋನು ಮಾಡಿ, ಗಾಯ ಒಣಗಿದೆ, ತಲೆಗೆ ನೀರು ಹಾಕಿಸಿಕೊಳ್ಳಬಹುದೇ ಎಂದು ವಿಚಾರಿಸಿದಳು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದಳು.

"ಒಂದು ದಿನ, ಓಕೆ? ಒಂದು ರಾತ್ರಿ. ನೋ ಸ್ಮೋಕ್. ಸಾಂಬ್ರಾಣಿ ಎಲ್ಲಾ ಇಲ್ಲ."

"ಬೇಡ, ಬೇಡ," ಎಂದಳು ಪ್ರಭಾ. ಯಾವುದು ಬೇಡ ಎಂದು ಅವಳಿಗೇ ತಿಳಿಯದಷ್ಟು ಅವಸರವಾಗಿತ್ತು.

*

ಕ್ಯಾಂಪ್‌ಬೆಲ್‌ನ ಮನೆಯ ಬಚ್ಚಲಿನಲ್ಲಿ ಭಾವನಾ ಮಣೆಯ ಮೇಲೆ ಕೂತಳು. ಪ್ರಭಾ ಬೆಚ್ಚಗಿನ ಎಳ್ಳೆಣ್ಣೆ ನೆತ್ತಿಗೆ ಒತ್ತಿದಳು, ಬೆನ್ನಿಗೆ, ಕಾಲಿಗೆ ಹಚ್ಚಿದಳು, ಹೊಟ್ಟೆಯ ಗಾಯದ ಹತ್ತಿರ ಹೋಗಲಿಲ್ಲ. ತಂಬಿಗೆಯಿಂದ ಬಿಸಿನೀರು ಹುಯ್ದಳು. "ಅಮ್ಮಾ, ಹಾಟ್, ಹಾಟ್!" ಎಂದು ಭಾವನಾ ಕಿರುಚಿದಳು, ಕಿರುಚಾಟ ಕ್ರಮೇಣ ನರಳಾಟವಾಗಿ, ಕೊನೆಗೆ ಮೌನವಾಯಿತು. ಕಣ್ಣು ಮುಚ್ಚಿಕೊಂಡು, "ಇದನ್ನ ಎಲ್ಲರಿಗೂ ಮಾಡ್ತಾರಾ?" ಎಂದು ಕೇಳಿದಳು.

"ತಾಯಿ ಇದ್ದೋರಿಗೆಲ್ಲ."

ಹಿಂದಿನ ಕೋಣೆಯಲ್ಲಿ ಮಗು ಮಂಚದ ಪಕ್ಕದ ಪುಟ್ಟ ತೊಟ್ಟಿಲಲ್ಲಿ ಮಲಗಿತ್ತು. ಪ್ರಭಾ ಕುಲಾವಿ ತೊಡಿಸಲು ನೋಡಿದಳು. ಅದು ನೆತ್ತಿಯ ಮೇಲೆ ಕೂತು, ಜಾರಿ, ಹಾಸಿಗೆಗೆ ಬಿತ್ತು. ಮತ್ತೊಮ್ಮೆ ಇಟ್ಟಳು. ಮತ್ತೆ ಬಿತ್ತು.

"ಇದಕ್ಕೂ ಆಗಲ್ಲ!" ಎಂದಳು. ನಗು ಬಂತು; ನಗುತ್ತಲೇ ಕಣ್ಣೊರೆಸಿಕೊಂಡಳು. "ನಿಮ್ಮಜ್ಜಿ ಯಾರ ತಲೆ ಅಂದಾಜು ಮಾಡಿದ್ರೋ!"

"ಬಿಗ್ ಹೆಡ್, ಅಪ್ಪನ ಕಡೆಯದು," ಎಂದಳು ಭಾವನಾ.

ಬಾಗಿಲಲ್ಲಿ ನಿಂತಿದ್ದ ಆನಂದತೀರ್ಥ ತಲೆ ಮುಟ್ಟಿಕೊಂಡ.

ಪ್ರಭಾ ಉಣ್ಣೆಯ ವಸ್ತ್ರವನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸಿ, ಮಗಳ ಒದ್ದೆ ಕೂದಲ ಮೇಲೆ ಹೊದಿಸಿ, ಕಿವಿ ಮುಚ್ಚಿ, ಗದ್ದದ ಕೆಳಗೆ ಹಾಯಿಸಿ, ಹಿಂದೆ ಕತ್ತಿಗೆ ಗಂಟು ಹಾಕಿದಳು. "ಗಂಟು ಹಿಂದಿರ್ಬೇಕು. ಮುಂದಿದ್ರೆ ಮಗುಗೆ ಹಾಲು ಕೊಡೋವಾಗ ಒತ್ತತ್ತೆ. ಮಲಕ್ಕೋ ಈಗ."

ಭಾವನಾ ಮಲಗಿದಳು. ಹೊರಗೆ ಗಾಳಿ ಎದ್ದಿತ್ತು. ಪಕ್ಕದ ಮನೆಯ ಪರ್ಸಿಮನ್ ಮರದ ಬರಿಗೊಂಬೆಗಳು ಬೇಲಿಗೆ ಬಡಿಯುತ್ತಿದ್ದವು. ಒಳಗೆ ಕಿಟಕಿಯ ಪರದೆ ಕದಲಲಿಲ್ಲ. ಹಜಾರದಲ್ಲಿ ಒಲೆ ಗೋಡೆಯಾಚೆಯ ಗಾಳಿಯನ್ನು ಎಳೆದುಕೊಂಡು ಸಣ್ಣಗೆ ಗುನುಗುತ್ತಿತ್ತು. ಕೆಲವು ನಿಮಿಷ ಕಳೆಯುವಷ್ಟರಲ್ಲಿ ಭಾವನಾ ಎದ್ದು ಕೂತಳು. ಮುಖ ಕೆಂಪಗಾಗಿ, ತುಟಿಯ ಮೇಲೆ ಬೆವರು ಹನಿದಿತ್ತು.

"ಅಮ್ಮಾ, ಐ ಕಾಂಟ್ ಬಿಲೀವ್ ಐ ಆಮ್ ಸೇಯಿಂಗ್ ದಿಸ್. ಈ ಮನೇಲಿ ನಂಗೆ ಸೆಕೆ ಆಗ್ತಿದೆ."

ಹಜಾರದಿಂದ, "ಎಷ್ಟಿದೆ?" ಎಂಬ ಆನಂದತೀರ್ಥನ ದನಿ ಬಂತು.

"ಸೆವೆಂಟಿಥ್ರೀ, ಅಪ್ಪ! ಕಮ್ಮಿ ಮಾಡಿ!" ಅವಳು ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. "ನಾನು ಸ್ವಲ್ಪ ಹಾಲ್‌ನಲ್ಲಿ, ಮುಂಬಾಗ್ಲು ಹತ್ರ ಕೂತಿರ್ತೀನಿ. ನೀನು ಇಲ್ಲಿ ಮಲಕ್ಕೋ. ಮಗು ಹತ್ರ ಯಾರಾದ್ರೂ ಬೇಕಲ್ಲ."

"ಬಾಣಂತಿ ನೀನೋ ನಾನೋ?"

"ಐದೇ ನಿಮಿಷ ಅಮ್ಮಾ."

ಮಗುವಿಗಾಗಿ ಎಂದು ಪ್ರಭಾ ಮಂಚದ ಅಂಚಿಗೆ ಒರಗಿದಳು. ಬಿಸಿಲಿಗೆ ಹಾಕಿದ ಹಾಸಿಗೆಯ ವಾಸನೆಯಿತ್ತು. ಮೂರು ವಾರ ಸೋಫಾದ ಮೇಲೆ ಮಲಗಿದ ಬೆನ್ನು ತಾನಾಗಿಯೇ ಚಾಚಿಕೊಂಡಿತು. ಅಡುಗೆಮನೆಯಲ್ಲಿ ಸಾರು ಇಡಬೇಕೆಂದು ನೆನೆದಳು. ಅದರ ಮುಂದೆ ಏನು ನೆನೆದಳೋ ಅವಳಿಗೆ ತಿಳಿಯದು.

ಎಚ್ಚರವಾದಾಗ ಕಿಟಕಿಯ ಬಿಸಿಲು ಗೋಡೆಯ ಆ ಬದಿಗೆ ಹೋಗಿತ್ತು. ತೊಟ್ಟಿಲು ಖಾಲಿಯಿತ್ತು. ಹಜಾರದಿಂದ ಮಗು ಅಳುವ ಸದ್ದೂ ಭಾವನಾ ಪಿಸುದನಿಯಲ್ಲಿ, "ಶ್, ಅಪ್ಪ, ಎಬ್ಬಿಸ್ಬೇಡಿ. ಲೆಟ್ ಹರ್ ಸ್ಲೀಪ್," ಎನ್ನುವುದೂ ಕೇಳಿತು. ಆ ಎಲ್ಲ ಸದ್ದೂ ದೂರದಿಂದ ಬಂದಂತಿತ್ತು. ಯಾಕೆಂದು ತಿಳಿಯದೆ ಪ್ರಭಾ ಕಿವಿಗೆ ಕೈಹಾಕಿದಳು. ಉಣ್ಣೆ ತಗುಲಿತು.

ತಾಯಿ ಕಳಿಸಿದ ವಸ್ತ್ರ ಅವಳ ತಲೆಯ ಮೇಲಿತ್ತು. ಎರಡೂ ಕಿವಿ ಮುಚ್ಚಿ, ಗದ್ದದ ಕೆಳಗೆ, ಮುಂದುಗಡೆಯೇ, ಶೂ ಲೇಸಿಗೆ ಹಾಕುವ ಹಾಗೆ ಎರಡು ಕುಣಿಕೆ ಮಾಡಿ ಕಟ್ಟಿತ್ತು. ಬಾಣಂತಿಗೆ ಹಾಗೆ ಕಟ್ಟುವುದಿಲ್ಲ.

ಪ್ರಭಾ ಗಂಟನ್ನು ಬಿಚ್ಚಲಿಲ್ಲ. ಗೋಡೆಯ ಕಡೆಗೆ ಮಗ್ಗುಲಾಗಿ, ಕಾಲು ಮಡಿಸಿಕೊಂಡು, ಇನ್ನೂ ನಿದ್ದೆಯಲ್ಲಿರುವವಳಂತೆ ಮಲಗಿದಳು.